ಬ್ರೆಜಿಲ್ ಶೈಲಿಯ ಕಾಕ್‌ಟೇಲ್ ಲೌಂಜ್‌ನಲ್ಲಿ ಊಟ: ಏನು ತರಿಸಬೇಕು, ಯಾವ ಕ್ರಮದಲ್ಲಿ ತರಿಸಬೇಕು

ಪ್ಲೇಟು ಸಣ್ಣದು, ಹೆಸರು ನಾಲಿಗೆಗೆ ಹೊರಳುವುದಿಲ್ಲ, ಬಿಲ್ಲು ಮಾತ್ರ ಉದ್ದ. ಇಂಥ ಜಾಗಕ್ಕೆ ಹೋಗಿಬಂದ ಮಂಗಳೂರು, ಉಡುಪಿ ಕಡೆಯ ಓದುಗರ ದೂರು ಹೆಚ್ಚುಕಡಿಮೆ ಇದೇ. ಅದರ ಹಿಂದೆಯೇ ಬರುವ ಪ್ರಶ್ನೆಗಳೂ ಅವೇ: ಹೊಟ್ಟೆ ತುಂಬುತ್ತದಾ? ಸಸ್ಯಾಹಾರಿಗಳಿಗೆ ಏನು ಸಿಗುತ್ತದೆ? ಆ ನಿಂಬೆಹಣ್ಣಿನ ಡ್ರಿಂಕ್ ಅಷ್ಟು ಜೋರಾ? ನೀವು ಹೋಗುವುದು ಊರಿನ ಹೋಟೆಲಿನ ಒಂದು ರಾತ್ರಿಯ ‘ಬ್ರೆಜಿಲಿಯನ್ ನೈಟ್’ಗೇ ಇರಲಿ, ಬೆಂಗಳೂರು, ಗೋವಾ ಅಥವಾ ದುಬೈಯ ಲೌಂಜ್‌ಗೇ ಇರಲಿ, ಕ್ರಮ ಒಂದೇ.

ಮೊದಲೇ ಒಂದು ಸಮಾಧಾನದ ಮಾತು. ಹೆಸರುಗಳು ಹೊಸವು, ಸಾಮಗ್ರಿ ಹೊಸತಲ್ಲ. ಮರಗೆಣಸು, ತೆಂಗಿನ ಹಾಲು, ಅಲಸಂಡೆ ಬೀಜ, ನೆಲಗಡಲೆ, ಗೇರುಬೀಜ, ಒಣ ಸೀಗಡಿ, ಕಬ್ಬು, ನಿಂಬೆ. ಇವುಗಳಲ್ಲಿ ಗೇರು, ಮರಗೆಣಸು ಪೋರ್ಚುಗೀಸರ ಹಡಗಿನಲ್ಲಿ ಆ ಕಡೆಯಿಂದಲೇ ನಮ್ಮ ಕರಾವಳಿಗೆ ಬಂದವು. ಹಾಗಾಗಿ ತಟ್ಟೆಯಲ್ಲಿ ಬಂದದ್ದು ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳುವ ಅರ್ಹತೆ ಕರಾವಳಿಯವರಿಗೆ ಚೆನ್ನಾಗಿಯೇ ಉಂಟು. ಕಲಿಯಬೇಕಾದದ್ದು ತರಿಸುವ ಕ್ರಮ.

ಮೊದಲು ಕೆಲವು ಪದಗಳು

ಸ್ಮಾಲ್ ಪ್ಲೇಟ್ಸ್: ಇದು ಸ್ಟಾರ್ಟರ್ ಅಲ್ಲ. ಸ್ಟಾರ್ಟರ್ ಆದ ಮೇಲೆ ಮೈನ್ ಕೋರ್ಸ್ ಬರುತ್ತದೆ, ಇಲ್ಲಿ ಬರುವುದಿಲ್ಲ. ಎಲ್ಲರೂ ಹಂಚಿ ತಿನ್ನುವ ಸಣ್ಣ ತಟ್ಟೆಗಳೇ ಇಡೀ ಊಟ. ‘ಮೈನ್ ಕೋರ್ಸ್ ಆಮೇಲೆ ನೋಡುವಾ’ ಎಂದು ಕಾದು ಕುಳಿತವರು ಹಸಿವಿನಲ್ಲೇ ಮನೆಗೆ ಹೋಗುತ್ತಾರೆ.

ಕಶಾಸಾ: ತಾಜಾ ಕಬ್ಬಿನ ಹಾಲನ್ನು ಹುಳಿಯಲು ಬಿಟ್ಟು ಭಟ್ಟಿ ಇಳಿಸಿದ ಬ್ರೆಜಿಲ್‌ನ ಮದ್ಯ. ರಮ್ ಹೆಚ್ಚಾಗಿ ಕಾಕಂಬಿಯಿಂದ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕದಿಂದ ಆಗುತ್ತದೆ. ಕಶಾಸಾದಲ್ಲಿ ಹಸಿ ಕಬ್ಬಿನ ವಾಸನೆ ಉಳಿದಿರುತ್ತದೆ. ಅಲ್ಲಿನ ಕಾನೂನಿನ ಪ್ರಕಾರ ಆಲ್ಕೋಹಾಲ್ ಪ್ರಮಾಣ ಶೇ. 38ರಿಂದ 48.

ಕೈಪಿರೀನ್ಯಾ: ಕಶಾಸಾ, ನಿಂಬೆ, ಸಕ್ಕರೆ, ಐಸ್ ಸೇರಿದ ಕಾಕ್‌ಟೇಲ್. ವೋಡ್ಕಾ ಹಾಕಿದರೆ ಕೈಪಿರೋಸ್ಕಾ, ರಮ್ ಹಾಕಿದರೆ ಕೈಪಿರಿಸ್ಸಿಮಾ.

ಪೊಲ್ವಿಲ್ಯು: ಮರಗೆಣಸಿನ ಪಿಷ್ಟ, ನುಣ್ಣನೆಯ ಬಿಳಿ ಹುಡಿ. ಹುಳಿ ಬರಿಸಿ ಬಿಸಿಲಿಗೆ ಒಣಗಿಸಿದ್ದು ಒಂದು ಬಗೆ, ಹುಳಿ ಬರಿಸದ್ದು ಇನ್ನೊಂದು.

ದೆಂದೆ: ಎಣ್ಣೆತಾಳೆಯ ಹಣ್ಣಿನಿಂದ ತೆಗೆದ, ಶುದ್ಧೀಕರಿಸದ ಕೆಂಪು ಎಣ್ಣೆ. ಅಂಗಡಿಯಲ್ಲಿ ಸಿಗುವ ಬಿಳಿಚಿದ ಪಾಮ್ ಎಣ್ಣೆಗೂ ಇದಕ್ಕೂ ರುಚಿಯಲ್ಲಿ ಸಂಬಂಧವೇ ಇಲ್ಲ.

ಫರೋಫಾ: ಬೆಣ್ಣೆಯಲ್ಲೋ ಕೊಬ್ಬಿನಲ್ಲೋ ಹುರಿದ ಮರಗೆಣಸಿನ ತರಿ. ಇದನ್ನು ಒಂಟಿಯಾಗಿ ತಿನ್ನುವುದಿಲ್ಲ, ಸಾರಿರುವ ಪದಾರ್ಥದ ಮೇಲೆ ಉದುರಿಸಿಕೊಳ್ಳುತ್ತಾರೆ.

1. ಹೋಗುವ ಮುನ್ನ ಒಂದು ಫೋನ್

ಆ್ಯಪ್‌ನಲ್ಲಿ ಟೇಬಲ್ ಹಿಡಿದರೂ ಫೋನ್ ಮಾಡುವುದು ಒಳ್ಳೆಯದು. ಆ್ಯಪ್‌ನಲ್ಲಿ ಕಾಣದ ಕೆಲವು ಸಂಗತಿ ಕೇಳಬೇಕು.

ಮೊದಲನೆಯದು, ಯಾವ ಟೇಬಲ್. ಲೌಂಜ್ ಎಂದರೆ ತಗ್ಗಿನ ಸೋಫಾ, ಮೊಣಕಾಲಿಗಿಂತ ಕೆಳಗಿರುವ ಟೀಪಾಯಿ. ಕುಡಿಯಲು, ಹರಟೆಗೆ ಅದು ಹಿತ. ಸಾರಿರುವ ಮೀನಿನ ಪದಾರ್ಥವನ್ನು ಅಲ್ಲಿ ಬಗ್ಗಿ ತಿನ್ನುವುದು ಶಿಕ್ಷೆ. ‘ಊಟ ಮಾಡಲಿಕ್ಕಿದೆ, ಎತ್ತರದ ಟೇಬಲ್ ಕೊಡಿ’ ಎಂದು ಬಾಯಿಬಿಟ್ಟು ಹೇಳಿ. ಹಿರಿಯರು ಜೊತೆಗಿದ್ದರೆ ಸ್ಪೀಕರ್‌ನಿಂದ ದೂರದ ಟೇಬಲ್ ಬೇಕೆಂದೂ ಹೇಳಿ.

ಎರಡನೆಯದು, ಅಡುಗೆಮನೆಯ ಕೊನೆಯ ಆರ್ಡರ್ ಎಷ್ಟು ಗಂಟೆಗೆ. ಬಾರ್ ಮುಚ್ಚುವ ಹೊತ್ತಲ್ಲ, ಅಡುಗೆಮನೆಯದ್ದು. ಎರಡೂ ಬೇರೆಬೇರೆ; ಅಡುಗೆಮನೆ ಮೊದಲು ಮುಚ್ಚುತ್ತದೆ. ಎರಡು ಸುತ್ತಿನಲ್ಲಿ ತರಿಸುವ ನಮ್ಮ ಕ್ರಮಕ್ಕೆ ಎರಡೂವರೆ ಗಂಟೆ ಬೇಕು. ಏಳೂವರೆಗೆ ಕುಳಿತರೆ ಅವಸರವಿಲ್ಲ.

ಮೂರನೆಯದು, ಕವರ್ ಚಾರ್ಜ್ (ಒಳಗೆ ಹೋಗಲು ಕೊಡುವ ಹಣ) ಇದೆಯಾ, ಇದ್ದರೆ ಬಿಲ್ಲಿನಲ್ಲಿ ವಜಾ ಆಗುತ್ತದಾ. ನಾಲ್ಕನೆಯದು, ಕಶಾಸಾ ನಿಜವಾಗಿಯೂ ಇದೆಯಾ. ಭಾರತದಲ್ಲಿ ಅದು ಎಲ್ಲ ಕಡೆ, ಎಲ್ಲ ದಿನ ಸಿಗುವ ಬಾಟಲಿಯಲ್ಲ. ಬೋರ್ಡಿನಲ್ಲಿ ಬ್ರೆಜಿಲ್ ಎಂದು ಬರೆದು, ಗ್ಲಾಸಿನಲ್ಲಿ ವೈಟ್ ರಮ್ ಕೊಡುವ ಜಾಗಗಳಿವೆ.

ಕರ್ನಾಟಕದಲ್ಲಿ 21 ತುಂಬದವರಿಗೆ ಮದ್ಯ ಕೊಡುವುದಿಲ್ಲ. ಮಣಿಪಾಲದ ವಿದ್ಯಾರ್ಥಿಗಳು ವಯಸ್ಸಿನ ಗುರುತಿನ ಚೀಟಿ ಕಿಸೆಯಲ್ಲಿಟ್ಟುಕೊಳ್ಳಿ, ಕಾಲೇಜಿನ ಕಾರ್ಡ್ ಸಾಲದು. ಅಕ್ಟೋಬರ್ 2 ಒಣದಿನ. ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆಯೂ ಹಾಗೆಯೇ. ಹುಟ್ಟುಹಬ್ಬಕ್ಕೆ ಟೇಬಲ್ ಹಿಡಿಯುವವರು ಕ್ಯಾಲೆಂಡರ್ ನೋಡಿಕೊಳ್ಳಿ.

2. ಸಸ್ಯಾಹಾರಿಗಳು, ಮೊಟ್ಟೆ ತಿನ್ನದವರು: ಮೆನು ಓದುವ ಬಗೆ

ಉಡುಪಿ ಕಡೆಯಿಂದ ಅತಿ ಹೆಚ್ಚು ಪ್ರಶ್ನೆ ಬರುವುದು ಇದರ ಬಗ್ಗೆ. ಹಸಿರು ಚುಕ್ಕೆ ನೋಡಿ ತರಿಸುವುದು ಸರಿ, ಆದರೆ ಬ್ರೆಜಿಲ್ ಅಡುಗೆಯಲ್ಲಿ ಮಾಂಸ ಕಾಣದ ಜಾಗದಲ್ಲಿ ಕುಳಿತಿರುತ್ತದೆ. ಮೆನುವಿನಲ್ಲಿ ಚುಕ್ಕೆ ಇಲ್ಲದಿದ್ದರೆ, ಅಥವಾ ವೇಟರ್ ‘ವೆಜ್ ಮಾಡಿಸಿಕೊಡುತ್ತೇವೆ’ ಎಂದರೆ, ಇಷ್ಟನ್ನು ಕೇಳಿ.

ಪಾಂವ್ ಜಿ ಕೇಜು (ಮರಗೆಣಸಿನ ಪಿಷ್ಟ ಮತ್ತು ಚೀಸ್‌ನ ಉಂಡೆ, ಓವನ್‌ನಲ್ಲಿ ಬೇಯಿಸಿದ್ದು): ಮಾಂಸವಿಲ್ಲ, ಆದರೆ ಸಾಮಾನ್ಯ ಪಾಕದಲ್ಲಿ ಮೊಟ್ಟೆ ಇದೆ. ಚೀಸ್ ವಿದೇಶದ್ದಾದರೆ ಹಾಲು ಒಡೆಯಲು ಕರುವಿನ ಹೊಟ್ಟೆಯ ಕಿಣ್ವ ಬಳಸಿರಬಹುದು. ಮಡಿ ಪಾಲಿಸುವವರು ಚೀಸ್‌ನ ಬ್ರ್ಯಾಂಡ್ ಕೇಳಿ.

ಕೊಶೀನ್ಯಾ (ನೀರಹನಿಯ ಆಕಾರದ ಕರಿದ ತಿಂಡಿ): ಮೂಲದಲ್ಲಿ ಒಳಗೆ ಕೋಳಿ. ‘ಮಶ್ರೂಮ್ ಕೊಶೀನ್ಯಾ’, ‘ಪನೀರ್ ಕೊಶೀನ್ಯಾ’ ಎಂದು ಬರೆದಿದ್ದರೂ ಹೊರಗಿನ ಹಿಟ್ಟನ್ನು ಕೋಳಿಯ ಸ್ಟಾಕ್‌ನಲ್ಲಿ, ಅಂದರೆ ಎಲುಬು ಬೇಯಿಸಿದ ನೀರಿನಲ್ಲಿ ಕಲಸಿರಬಹುದು. ಅದೇ ಇದರ ಸಾಂಪ್ರದಾಯಿಕ ಕ್ರಮ. ಹೂರಣ ಬದಲಾಯಿಸಿ ಹಿಟ್ಟು ಹಳೆಯದನ್ನೇ ಬಳಸುವ ಅಡುಗೆಮನೆಗಳಲ್ಲಿ ತಪ್ಪಾಗುವುದು ಇಲ್ಲಿಯೇ.

ಅಕರಜೆ (ಅಲಸಂಡೆ ಹಿಟ್ಟಿನ ಕರಿದ ವಡೆ, ನಡುವೆ ಸೀಳಿ ಹೂರಣ ತುಂಬಿದ್ದು): ಹಿಟ್ಟು ಪೂರ್ತಿ ಸಸ್ಯಾಹಾರಿ. ಆದರೆ ಸೀಳಿನೊಳಗೆ ತುಂಬುವ ವತಪಾದಲ್ಲಿ (ಬ್ರೆಡ್, ನೆಲಗಡಲೆ, ಗೇರುಬೀಜ, ತೆಂಗಿನ ಹಾಲಿನ ಮುದ್ದೆ) ಒಣ ಸೀಗಡಿ ಅರೆದು ಹಾಕಿರುತ್ತಾರೆ. ಮೇಲಿನ ಸೀಗಡಿ ತೆಗೆದುಕೊಟ್ಟರೆ ವೆಜ್ ಆಗುವುದಿಲ್ಲ.

ಫೇಜುವಾದಾ: ನೋಡಲು ಕಪ್ಪು ಬೀನ್ಸಿನ ಗಟ್ಟಿ ಪದಾರ್ಥ, ಒಳಗೆ ಹಂದಿಮಾಂಸ. ಫರೋಫಾದಲ್ಲೂ ಬೇಕನ್ ಇರುವುದು ಸಾಮಾನ್ಯ.

ಸಿಹಿಯಲ್ಲಿ ಪ್ಯಾಶನ್ ಫ್ರೂಟ್ ಮೂಸ್‌ಗೆ ಕೆಲವರು ಜೆಲಟಿನ್ (ಪ್ರಾಣಿಗಳ ಎಲುಬು, ಚರ್ಮದಿಂದ ತೆಗೆದದ್ದು) ಹಾಕುತ್ತಾರೆ, ಪುಡಿಂ ಎಂಬ ಕ್ಯಾರಮೆಲ್ ಪುಡ್ಡಿಂಗ್‌ನಲ್ಲಿ ಮೊಟ್ಟೆ ಇದೆ. ‘ಸಾವರ್’ ಎಂಬ ಹೆಸರಿನ ಪಾನೀಯಗಳ ನೊರೆ ಎಷ್ಟೋ ಸಲ ಮೊಟ್ಟೆಯ ಬಿಳಿಯದ್ದು, ಮಾಕ್‌ಟೇಲ್ (ಮದ್ಯವಿಲ್ಲದ ಡ್ರಿಂಕ್) ಆದರೂ.

ಇನ್ನು ಎಣ್ಣೆ. ಒಂದೇ ಕಡಾಯಿಯಲ್ಲಿ ಮೀನು, ಕೋಳಿ, ಚೀಸ್ ಎಲ್ಲ ಕರಿಯುವ ಅಡುಗೆಮನೆಗಳು ಧಾರಾಳ. ‘ವೆಜ್ ಫ್ರೈಯರ್ ಬೇರೆ ಇದೆಯಾ’ ಎಂದು ಕೇಳಿದಾಗ ವೇಟರ್ ತಡವರಿಸಿದರೆ ಒಳಗೆ ಹೋಗಿ ಕೇಳಿಬರಲು ಹೇಳಿ. ನಂಬಿ ತರಿಸಬಹುದಾದದ್ದು: ಕೆಂಡದಲ್ಲಿ ಅಥವಾ ತವಾದಲ್ಲಿ ಸುಟ್ಟ ಚೀಸ್, ತಾಳೆಯ ಎಳೆ ತಿರುಳಿನ ಸಲಾಡ್ (ಮೆನುವಿನಲ್ಲಿ ಪಲ್ಮೀತು), ಹುರಿದ ಮರಗೆಣಸು, ಸಬ್ಬಕ್ಕಿ ಮತ್ತು ಚೀಸ್ ಸೇರಿಸಿ ಚೌಕ ಕತ್ತರಿಸಿ ಕರಿದ ದಾದೀನ್ಯು (ವೆಜ್ ಫ್ರೈಯರ್ ಬೇರೆ ಇದ್ದರೆ). ಸಬ್ಬಕ್ಕಿಯೂ ಮರಗೆಣಸಿನದ್ದೇ ಆದ್ದರಿಂದ ದಾದೀನ್ಯು ನಮ್ಮವರ ಬಾಯಿಗೆ ಕೂಡಲೇ ಹಿಡಿಸುತ್ತದೆ. ಜೊತೆಗೆ ಕೊಡುವ ಸಿಹಿಖಾರದ ಸಾಸ್ ಬಿಟ್ಟರೂ ನಷ್ಟವಿಲ್ಲ.

ಗೋಧಿ ಆಗದವರಿಗೆ ಪಾಂವ್ ಜಿ ಕೇಜು ಒಳ್ಳೆಯ ಆಯ್ಕೆ. ಆದರೆ ಮೈದಾ ಬೆರೆಸಿಲ್ಲ ಎಂದು ಖಚಿತ ಮಾಡಿಕೊಳ್ಳಿ, ಪಿಷ್ಟ ದುಬಾರಿ ಎಂದು ಬೆರೆಸುವವರಿದ್ದಾರೆ. ಕೊಶೀನ್ಯಾ ಗೋಧಿಹಿಟ್ಟಿನದ್ದು. ನೆಲಗಡಲೆ, ಗೇರುಬೀಜ, ಸೀಗಡಿಯ ಅಲರ್ಜಿ ಇದ್ದವರು ಅಕರಜೆ, ವತಪಾದಂಥ ಬಾಹಿಯಾ ಪ್ರಾಂತ್ಯದ ಪದಾರ್ಥಗಳನ್ನೇ ಬಿಡುವುದು ಕ್ಷೇಮ. ಮೂರೂ ಒಂದೇ ಮುದ್ದೆಯಲ್ಲಿರುತ್ತವೆ.

3. ಮೊದಲ ಡ್ರಿಂಕ್

ಮೊದಲು ತರಿಸಬೇಕಾದದ್ದು ಸಾದಾ ನಿಂಬೆಯ ಕೈಪಿರೀನ್ಯಾ. ಸ್ಟ್ರಾಬೆರಿ, ಪ್ಯಾಶನ್ ಫ್ರೂಟ್, ಪುನರ್ಪುಳಿಯ ಬಗೆಗಳಿಗೆ ಆಮೇಲೆ ಹೋಗಬಹುದು. ನಾಲ್ಕೇ ವಸ್ತು ಇರುವ ಡ್ರಿಂಕ್‌ನಲ್ಲಿ ಅಡಗಿಸಲು ಜಾಗವಿಲ್ಲ. ಅದು ಸರಿ ಬಂದರೆ ಆ ಬಾರ್‌ನ ಉಳಿದದ್ದನ್ನೂ ನಂಬಬಹುದು.

ಅಂತರರಾಷ್ಟ್ರೀಯ ಬಾರ್‌ಟೆಂಡರ್‌ಗಳ ಸಂಘದ ಅಳತೆ ಹೀಗಿದೆ: ಕಶಾಸಾ 60 ಮಿ.ಲೀ., ಒಂದು ನಿಂಬೆ, ನಾಲ್ಕು ಟೀಚಮಚ ಸಕ್ಕರೆ. ಬ್ರೆಜಿಲ್ ಸರ್ಕಾರವೂ 2003ರ ಆದೇಶವೊಂದರಲ್ಲಿ ಕೈಪಿರೀನ್ಯಾ ಎಂದರೆ ಕಶಾಸಾದಿಂದಲೇ ಆಗಬೇಕೆಂದು ಬರೆದಿದೆ. ಕೌಂಟರ್ ಕಾಣುವಂತೆ ಕುಳಿತರೆ ಕೈಯ ಕೆಲಸ ಗಮನಿಸಿ. ನಿಂಬೆಯ ಎರಡೂ ತುದಿ ಕತ್ತರಿಸಿ, ಉದ್ದಕ್ಕೆ ಸೀಳಿ, ನಡುವಿನ ಬಿಳಿ ನಾರನ್ನು ಚಾಕುವಿನಿಂದ ತೆಗೆಯಬೇಕು. ಹೋಳುಗಳನ್ನು ಗ್ಲಾಸಿಗೆ ಹಾಕಿ, ಮೇಲೆ ಸಕ್ಕರೆ ಹಾಕಿ, ಮರದ ಕೋಲಿನಿಂದ ನಾಲ್ಕೈದು ಸಲ ಒತ್ತಿ ತಿರುಗಿಸಬೇಕು. ಜಜ್ಜುವುದಲ್ಲ, ಒತ್ತುವುದು. ಸಕ್ಕರೆಯ ಹರಳು ಸಿಪ್ಪೆಯ ಮೇಲೆ ಉಜ್ಜಿ ಅಲ್ಲಿನ ಘಮದ ಎಣ್ಣೆಯನ್ನು ಬಿಡಿಸುತ್ತದೆ. ಅದಕ್ಕೇ ಸಕ್ಕರೆ ಪಾಕ ಹಾಕಿದರೆ ಅದೇ ಪರಿಮಳ ಬರುವುದಿಲ್ಲ. ಬಳಿಕ ಗ್ಲಾಸಿನ ತುಂಬ ಐಸ್, ಮೇಲೆ ಕಶಾಸಾ, ಒಂದು ಕಲಕು. ಸೋಸುವುದಿಲ್ಲ, ಹೋಳುಗಳು ಗ್ಲಾಸಿನಲ್ಲೇ ಇರುತ್ತವೆ.

ಹದ ತಪ್ಪಿದರೆ ಕಾರಣ ಹೀಗೆ ಗುರುತಿಸಬಹುದು. ಮೊದಲ ಗುಟುಕೇ ಕಹಿಯಾದರೆ ಬಿಳಿ ನಾರು ತೆಗೆದಿಲ್ಲ, ಇಲ್ಲವೇ ಬೀಜ ಜಜ್ಜಿಹೋಗಿದೆ. ಬ್ರೆಜಿಲ್‌ನಲ್ಲಿ ಬಳಸುವುದು ಬೀಜವಿಲ್ಲದ, ರಸ ತುಂಬಿದ ಹಸಿರು ತಾಹಿತಿ ನಿಂಬೆ. ನಮ್ಮ ಮಾರುಕಟ್ಟೆಯ ಸಣ್ಣ ನಿಂಬೆಯಲ್ಲಿ ಬೀಜ ಜಾಸ್ತಿ, ಒಂದರ ಬದಲು ಒಂದೂವರೆ ಬೇಕಾಗುತ್ತದೆ, ಬೀಜ ತೆಗೆಯುವ ತಾಳ್ಮೆಯೂ ಬೇಕು. ಕಡೆಗೆ ಬರುವ ಗುಟುಕು ಪಾನಕದಷ್ಟು ಸಿಹಿಯಾದರೆ ಸಕ್ಕರೆ ಕರಗದೆ ತಳದಲ್ಲಿ ಕುಳಿತಿದೆ. ಕುಡಿಯುವ ಮೊದಲು ಒಮ್ಮೆ ಕಲಕಿಕೊಳ್ಳಿ. ಉದ್ದ ಗ್ಲಾಸಿನಲ್ಲಿ ಸೋಡಾ ಸುರಿದು ಬಂದರೆ, ಅದು ಬೇರೆ ಡ್ರಿಂಕ್. ಚೆನ್ನಾಗಿರಬಹುದು, ಆದರೆ ನೀವು ತರಿಸಿದ್ದು ಅದಲ್ಲ. ವಾಪಸ್ ಕಳಿಸಲು ಸಂಕೋಚ ಬೇಡ, ಅರ್ಧ ಕುಡಿದ ಮೇಲಲ್ಲ, ಒಂದು ಗುಟುಕಿಗೇ ಹೇಳಿ. ‘ಸಕ್ಕರೆ ಅರ್ಧ’ ಎಂದು ಮೊದಲೇ ಹೇಳುವುದೂ ನಡೆಯುತ್ತದೆ. ನಾವು ಹೇಳುವುದು ಎರಡು ಚಮಚ ಸಾಕೆಂದೇ.

ಈ ಡ್ರಿಂಕ್ ಸಿಹಿಹುಳಿಯಿಂದಾಗಿ ಸರಾಗ ಇಳಿಯುತ್ತದೆ, ತೊಂದರೆ ಇರುವುದು ಅಲ್ಲೇ. ಲೆಕ್ಕ ಹಾಕಿ: 60 ಮಿ.ಲೀ. ಕಶಾಸಾ, ಶೇ. 40 ಎಂದು ಹಿಡಿದರೆ 24 ಮಿ.ಲೀ. ಶುದ್ಧ ಆಲ್ಕೋಹಾಲ್, ತೂಕದಲ್ಲಿ ಸುಮಾರು 19 ಗ್ರಾಂ. ದೇಹ ಗಂಟೆಗೆ ಕರಗಿಸುವುದು ಸುಮಾರು 7ರಿಂದ 10 ಗ್ರಾಂ. ಅಂದರೆ ಒಂದು ಗ್ಲಾಸಿಗೆ ಸುಮಾರು ಎರಡು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಬೇಕು. ಒಬ್ಬರಿಗೆ ಎರಡು ಗ್ಲಾಸ್ ಮಿತಿ, ಎರಡರ ನಡುವೆ ಒಂದು ದೊಡ್ಡ ಲೋಟ ನೀರು. ಎರಡನೆಯದನ್ನು ಎರಡನೇ ಸುತ್ತಿನ ಊಟದ ಜೊತೆಗೆ ಇಟ್ಟುಕೊಳ್ಳಿ.

‘ಒಂದಕ್ಕೆ ಒಂದು ಫ್ರೀ’ ಹೊತ್ತಿನಲ್ಲಿ ಹೋದರೆ ಎರಡೂ ಗ್ಲಾಸ್ ಒಟ್ಟಿಗೆ ತಂದಿಡುತ್ತಾರೆ. ಎರಡನೆಯದರ ಐಸ್ ನೀವು ಮುಟ್ಟುವ ಹೊತ್ತಿಗೆ ನೀರಾಗಿ, ನಿಂಬೆ ಸಿಪ್ಪೆ ನೆನೆದು ಕಹಿ ಬಿಟ್ಟಿರುತ್ತದೆ. ‘ಎರಡನೆಯದು ಹೇಳಿದ ಮೇಲೆ ಮಾಡಿ’ ಎಂದು ಆರ್ಡರ್ ಕೊಡುವಾಗಲೇ ಹೇಳಬೇಕು. ಅದೇ ಬೆಲೆಗೆ ಹಾಗೆ ಕೊಡುವುದಿಲ್ಲ ಎಂದರೆ ಆ ಆಫರ್ ಬೇಡ.

ಬತೀದಾ ಇನ್ನೊಂದು ಬಗೆ: ಕಶಾಸಾಕ್ಕೆ ತೆಂಗಿನ ಹಾಲು, ಕಂಡೆನ್ಸ್ಡ್ ಮಿಲ್ಕ್ ಸೇರಿಸಿ ಅರೆದದ್ದು. ರುಚಿ ಚೆನ್ನ. ಊಟಕ್ಕೆ ಮೊದಲು ಕುಡಿದರೆ ಹಸಿವು ಸತ್ತುಹೋಗುತ್ತದೆ, ಕೊನೆಗೆ ಸಿಹಿಯ ಬದಲು ತರಿಸಿ.

ಕುಡಿಯದವರಿಗೆ ಮಾಕ್‌ಟೇಲ್ ಪಟ್ಟಿಯ ನೀಲಿ, ಗುಲಾಬಿ ಸಿರಪ್‌ಗಳು ಬೇಡ. ಬ್ರೆಜಿಲ್‌ನವರೇ ಮನೆಯಲ್ಲಿ ಮಾಡುವ ಒಂದು ಶರಬತ್ತಿದೆ, ಮೆನುವಿನಲ್ಲಿ ‘ಬ್ರೆಜಿಲಿಯನ್ ಲೆಮನೇಡ್’ ಅಥವಾ ‘ಲಿಮೊನಾದಾ ಸುಯಿಸಾ’ ಎಂದಿರುತ್ತದೆ. ಸಿಪ್ಪೆ ಸಮೇತ ನಿಂಬೆಯನ್ನು ಸಕ್ಕರೆ, ನೀರು, ಐಸ್ ಜೊತೆ ಮಿಕ್ಸಿಯಲ್ಲಿ ಕೆಲವೇ ಸೆಕೆಂಡು ತಿರುಗಿಸಿ, ಸೋಸಿ, ಹೆಚ್ಚಾಗಿ ಕಂಡೆನ್ಸ್ಡ್ ಮಿಲ್ಕ್ ಬೆರೆಸುತ್ತಾರೆ. ಇದನ್ನು ಆಗಲೇ ಮಾಡಿ ಆಗಲೇ ಕುಡಿಯಬೇಕು. ಕಾಲು ಗಂಟೆ ಇಟ್ಟರೆ ಕಹಿ ಏರುತ್ತದೆ. ಜಗ್‌ನಲ್ಲಿ ಮೊದಲೇ ಮಾಡಿಟ್ಟದ್ದಾದರೆ ಬೊಂಡ ನೀರೇ ಲೇಸು. ಅದೂ ಬ್ರೆಜಿಲ್ ಕಡಲತೀರದ ದಿನನಿತ್ಯದ ಪಾನೀಯವೇ.

4. ಮೊದಲ ಸುತ್ತು: ಬಿಸಿ ಇರುವಾಗಲೇ ತಿನ್ನಬೇಕಾದದ್ದು

ಲೆಕ್ಕ ಮೊದಲು. ಇಬ್ಬರಿಗೆ ಇಡೀ ಸಂಜೆಗೆ ನಾಲ್ಕೈದು ತಟ್ಟೆ, ನಾಲ್ವರಿಗೆ ಏಳೆಂಟು. ಅದನ್ನು ಒಮ್ಮೆಲೇ ಹೇಳಬೇಡಿ. ಅಡುಗೆಮನೆ ಆದದ್ದನ್ನು ಆದಂತೆ ಕಳಿಸುತ್ತದೆ; ಎಂಟೂ ಹತ್ತು ನಿಮಿಷದೊಳಗೆ ಬಂದು ಟೀಪಾಯಿ ತುಂಬಿ, ಅರ್ಧ ತಣಿದು, ಯಾರಿಗೂ ಏನೂ ಸರಿಯಾಗಿ ಸಿಗುವುದಿಲ್ಲ. ಹಣ ಹಾಳಾಗುವುದು ಹೆಚ್ಚಾಗಿ ಹೀಗೆಯೇ. ಮೊದಲ ಸುತ್ತಿಗೆ ಮೂರು: ಚೀಸ್ ಇರುವ ಒಂದು, ಕರಿದದ್ದು ಒಂದು, ಹುಳಿಯಾದ ಹಸಿಯದ್ದು ಒಂದು. ಹುಳಿಯದ್ದನ್ನು ಬಿಡಬೇಡಿ. ಕರಿದದ್ದರ ಮೇಲೆ ಕರಿದದ್ದು ತಿಂದು ಎರಡನೇ ಸುತ್ತಿಗೆ ಮೊದಲೇ ಎದೆ ಹಿಡಿದುಕೊಳ್ಳುವವರು ಬಹಳ.

ಎಷ್ಟು ತುಂಡು ಬರುತ್ತದೆಂದು ತಟ್ಟೆ ತಟ್ಟೆಗೂ ಕೇಳಿ. ಐವರಿದ್ದು ನಾಲ್ಕು ಕೊಶೀನ್ಯಾ ಬಂದರೆ ಸ್ನೇಹ ಕೆಡುತ್ತದೆ. ಒಂದು ತುಂಡು ಹೆಚ್ಚಿಗೆ ಹಾಕಿ ಅಷ್ಟಕ್ಕೇ ಬಿಲ್ ಮಾಡುವ ಜಾಗಗಳೂ ಇವೆ, ಕೇಳಿದರೆ ಮಾತ್ರ.

ಪಾಂವ್ ಜಿ ಕೇಜು: ಮೀನಸ್ ಜೆರಾಯ್ಸ್ ಪ್ರಾಂತ್ಯದ್ದು. ಬಂದ ತಕ್ಷಣ ಕೈಯಿಂದ ಮುರಿಯಿರಿ. ಹೊರಗೆ ತೆಳ್ಳಗಿನ ಗರಿ, ಒಳಗೆ ಟೊಳ್ಳು, ಎಳೆದರೆ ಜಿಗುಟಾಗಿ ನೂಲಿನಂತೆ ಬರಬೇಕು. ಹುಳಿ ಪಿಷ್ಟದ ನಸು ಹುಳಿ ಚೀಸ್‌ನ ಉಪ್ಪಿನ ಹಿಂದೆ ಬರುತ್ತದೆ. ಒಳಗೆಲ್ಲ ಹಿಟ್ಟುಹಿಟ್ಟಾಗಿ ತುಂಬಿಕೊಂಡಿದ್ದರೆ ಬೆಂದಿಲ್ಲ. ಬ್ರೆಡ್ಡಿನ ಹಾಗೆ ಮೆತ್ತಗೆ ಹರಿದು ಬಂದರೆ ಮೈದಾ ಸೇರಿದೆ. ಮುಟ್ಟಿದರೆ ಸುಡುತ್ತದೆ, ಆದರೆ ಸಿಪ್ಪೆ ಒದ್ದೆ ಚರ್ಮದಂತೆ ಮೆತ್ತಗಿದೆ ಎಂದರೆ ಬೆಳಿಗ್ಗೆಯದ್ದನ್ನು ಮೈಕ್ರೋವೇವ್ ಮಾಡಿದ್ದಾರೆ, ಹಿಂದಕ್ಕೆ ಕಳಿಸಿ. ಹತ್ತು ನಿಮಿಷ ಬಿಟ್ಟರೆ ಒಳ್ಳೆಯದೂ ರಬ್ಬರ್ ಆಗುತ್ತದೆ, ಮರಗೆಣಸಿನ ಪಿಷ್ಟ ಮತ್ತು ಚೀಸ್ ಎರಡೂ ತಣಿದಂತೆ ಬಿಗಿಯುವುದರಿಂದ. ಫೋಟೊ ಬೇಗ ಮುಗಿಸಿ.

ಕೊಶೀನ್ಯಾದ ಒಳಗಿನ ಹೂರಣ ಹೊರಗಿನ ಪದರಕ್ಕಿಂತ ಬಹಳ ಬಿಸಿ. ತುದಿ ಮುರಿದು ಒಂದು ನಿಮಿಷ ಆವಿ ಹೋಗಲು ಬಿಡಿ. ಕೆಳಗಿಟ್ಟ ಕಾಗದದಲ್ಲಿ ಎಣ್ಣೆಯ ವೃತ್ತ ದೊಡ್ಡದಾಗಿ ಹರಡಿದರೆ ಎಣ್ಣೆ ಸಾಕಷ್ಟು ಕಾದಿರಲಿಲ್ಲ. 175ರಿಂದ 180 ಡಿಗ್ರಿಯಲ್ಲಿ ಕರಿದದ್ದು ಅಷ್ಟು ಎಣ್ಣೆ ಕುಡಿಯುವುದಿಲ್ಲ.

ಅಕರಜೆ ಸಿಕ್ಕಿದರೆ ಬಿಡಬೇಡಿ. ಬಾಹಿಯಾದ ಬೀದಿಯಲ್ಲಿ ಬಿಳಿ ಬಟ್ಟೆಯುಟ್ಟ ಹೆಂಗಸರು ಮಾರುವ ತಿಂಡಿ ಇದು. ಅವರ ಆ ಕಸುಬನ್ನು ಬ್ರೆಜಿಲ್ 2005ರಲ್ಲಿ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು. ನೆನೆಸಿದ ಅಲಸಂಡೆ ಬೀಜದ ಸಿಪ್ಪೆ ತಿಕ್ಕಿ ತೆಗೆದು, ಅರೆದು, ಈರುಳ್ಳಿ ಮತ್ತು ಉಪ್ಪು ಹಾಕಿ, ಗಾಳಿ ತುಂಬಿ ಹಗುರಾಗುವ ತನಕ ಮರದ ಸೌಟಿನಲ್ಲಿ ಬಡಿದು ದೆಂದೆ ಎಣ್ಣೆಯಲ್ಲಿ ಕರಿಯುತ್ತಾರೆ. ಉದ್ದಿನವಡೆಯ ಹಿಟ್ಟನ್ನು ಬಡಿದವರಿಗೆ ಇಲ್ಲಿ ಎಲ್ಲಿ ತಪ್ಪುತ್ತದೆಂದು ಹೇಳಿಕೊಡಬೇಕಿಲ್ಲ. ಒಳಗೆ ಕಪ್ಪು ಚುಕ್ಕಿ ಕಂಡರೆ ಸಿಪ್ಪೆ ಉಳಿದಿದೆ, ಕಲ್ಲಿನಂತಿದ್ದರೆ ಬಡಿದಿಲ್ಲ. ಹೊರಗೆ ಕೇಸರಿ ಬಣ್ಣ ಬರದೆ ಬಿಳಿಚಿದ್ದರೆ ಸೂರ್ಯಕಾಂತಿ ಎಣ್ಣೆ. ದೆಂದೆ ಇಲ್ಲಿ ಸುಲಭಕ್ಕೆ ಸಿಗದ ಕಾರಣ ಅದನ್ನು ಮನ್ನಿಸಬಹುದು, ಕಲ್ಲನ್ನಲ್ಲ. ಅಸಲು ದೆಂದೆಯಾದರೆ ಮೊದಲ ಸಲ ಒಂದೇ ತಿನ್ನಿ, ಅಭ್ಯಾಸವಿಲ್ಲದ ಹೊಟ್ಟೆಗೆ ಅದು ಭಾರ.

ಹುಳಿಯದ್ದಕ್ಕೆ ವಿನಗ್ರೆಚಿ (ಸಣ್ಣಗೆ ಹೆಚ್ಚಿದ ಟೊಮೆಟೊ, ಈರುಳ್ಳಿ, ವಿನೆಗರ್) ಅಥವಾ ಪಲ್ಮೀತು ಸಲಾಡ್. ‘ಸೆವಿಚೆ’ ಕಂಡರೆ ಅದು ಪೆರು ದೇಶದ್ದು, ನಿಂಬೆರಸದಲ್ಲಿ ನೆನೆಸಿದ ಹಸಿಮೀನು. ನಿಂಬೆರಸದಲ್ಲಿ ಮೀನು ಬೆಂದಂತೆ ಬೆಳ್ಳಗಾದರೂ ಬೇಯಿಸಿದಂತೆ ಕ್ರಿಮಿ ಸಾಯುವುದಿಲ್ಲ. ಗರ್ಭಿಣಿಯರು, ವಯಸ್ಸಾದವರು ಮುಟ್ಟಬೇಡಿ. ನಾಚೋಸ್, ಟಾಕೋ ಮೆಕ್ಸಿಕೋದ್ದು, ಚಿಮಿಚುರ್ರಿ ಅರ್ಜೆಂಟೀನಾದ್ದು. ಇವು ಮೆನುವಿನ ಅರ್ಧಕ್ಕಿಂತ ಹೆಚ್ಚಿದ್ದರೆ ಬ್ರೆಜಿಲ್ ಗೋಡೆಯ ಚಿತ್ರದಲ್ಲಷ್ಟೇ ಇದೆ ಎಂದು ತಿಳಿದು, ಆಸೆ ಕಡಿಮೆ ಮಾಡಿಕೊಂಡು ತರಿಸಿ.

5. ಎರಡನೇ ಸುತ್ತು: ಹೊಟ್ಟೆಗೆ

ಮೊದಲ ಮೂರು ತಟ್ಟೆ ಖಾಲಿಯಾಗುವ ಹೊತ್ತಿಗೆ ಇದನ್ನು ಹೇಳಿ, ಖಾಲಿಯಾದ ಮೇಲಲ್ಲ. ಸಾರಿನ ಪದಾರ್ಥಕ್ಕೆ ಇಪ್ಪತ್ತು ನಿಮಿಷವಾದರೂ ಬೇಕು.

ಮೀನು ತಿನ್ನುವವರು ಮೊಕೇಕಾ ತರಿಸಿ. ಎರಡು ಬಗೆ ಇದೆ. ಬಾಹಿಯಾದ್ದರಲ್ಲಿ ತೆಂಗಿನ ಹಾಲು, ದೆಂದೆ, ದೊಣ್ಣೆಮೆಣಸು, ಟೊಮೆಟೊ, ಕೊತ್ತಂಬರಿ. ಎಸ್ಪಿರಿತು ಸಾಂತು ಪ್ರಾಂತ್ಯದ್ದರಲ್ಲಿ ತೆಂಗಿನ ಹಾಲೂ ಇಲ್ಲ, ದೆಂದೆಯೂ ಇಲ್ಲ. ಆಲಿವ್ ಎಣ್ಣೆ ಮತ್ತು ಬಣ್ಣಕ್ಕೆ ರಂಗುಮಾಲೆ ಬೀಜ, ಕಪ್ಪು ಮಣ್ಣಿನ ಮಡಕೆಯಲ್ಲಿ. ನಮ್ಮವರು ಎರಡರಲ್ಲೂ ಮೋಸಹೋಗುವುದು ಗಸಿಯ ರುಚಿ ಕಾದು ಕುಳಿತು. ಇಲ್ಲಿ ಹುರಿದ ಬ್ಯಾಡಗಿ ಇಲ್ಲ, ಹುಣಿಸೆ ಇಲ್ಲ, ಅರೆದ ತೆಂಗಿನಕಾಯಿ ಇಲ್ಲ. ಹುಳಿ ನಿಂಬೆಯದ್ದು, ಅದೂ ನಸು. ಮೀನಿನ ಸ್ವಂತ ರುಚಿ ಎದ್ದು ಕಾಣುವುದರಿಂದ ಮೀನು ತಾಜಾ ಇರಲೇಬೇಕು, ಮಸಾಲೆಯ ಕೆಳಗೆ ಮುಚ್ಚಿಡಲಾಗದು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ಎರಡು ತಿಂಗಳು ಅಂಜಲ್ ಮೊಕೇಕಾ ಎಂದರೆ ಫ್ರೀಜರ್‌ನ ತುಂಡು ಎಂದೇ ಎಣಿಸಿ ಕೇಳಿ, ಸೀಗಡಿಯದ್ದು ಆಗುತ್ತದೋ ನೋಡಿ. ತುಂಡು ಚಮಚದಲ್ಲಿ ಮುಟ್ಟಿದಾಗ ಪದರ ಪದರವಾಗಿ ಬಿಡಬೇಕು. ಹತ್ತಿಯಂತೆ ಒಣಗಿದ್ದರೆ ಹೆಚ್ಚು ಬೆಂದಿದೆ.

ಅನ್ನ ಜೊತೆಗೆ ಬರುತ್ತದಾ, ಬೇರೆ ಬಿಲ್ಲಾ ಎಂದು ಕೇಳಿಕೊಳ್ಳಿ. ನಾಲ್ವರಿಗೆ ಒಂದು ಮೊಕೇಕಾ, ಎರಡು ಬಟ್ಟಲು ಅನ್ನ ಇದ್ದರೆ ‘ಹೊಟ್ಟೆ ತುಂಬಲಿಲ್ಲ’ ಎಂಬ ದೂರಿನ ಮುಕ್ಕಾಲು ಪಾಲು ಮುಗಿಯಿತು. ಫರೋಫಾವನ್ನು ತಿನ್ನುವ ಹೊತ್ತಿಗೆ ಮೇಲೆ ಉದುರಿಸಿ. ಮೊದಲೇ ಸುರಿದರೆ ಸಾರೆಲ್ಲ ಹೀರಿ ಅಂಟಾಗುತ್ತದೆ.

ಹಂದಿಮಾಂಸ ತಿನ್ನುವವರಿಗೆ ಫೇಜುವಾದಾ. ನಮ್ಮ ಕರಾವಳಿಯ ಹಂದಿ ಬಫಾತ್‌ನ ಘಾಟು ಇದರಲ್ಲಿಲ್ಲ, ಬೆಳ್ಳುಳ್ಳಿ, ಈರುಳ್ಳಿ, ಪಲಾವ್ ಎಲೆ ಅಷ್ಟೇ. ಸೊಪ್ಪಿನ ಪಲ್ಯ, ಕಿತ್ತಳೆ ಹೋಳು ಜೊತೆಗೆ ಬರಬೇಕು. ಕಿತ್ತಳೆ ಅಲಂಕಾರಕ್ಕಲ್ಲ, ಕೊಬ್ಬಿನ ಜಿಡ್ಡು ಬಾಯಿಯಿಂದ ಹೋಗಲು. ಪಿಕಾನ್ಯಾ ಎಂದಿದ್ದರೆ ಮೂಲದಲ್ಲಿ ಅದು ದನದ ಹಿಂಭಾಗದ, ಮೇಲೆ ಕೊಬ್ಬಿನ ಪದರವಿರುವ ತುಂಡು. ಇಲ್ಲಿ ಆ ಹೆಸರಿನಲ್ಲಿ ಯಾವ ಮಾಂಸ ಕೊಡುತ್ತಾರೆಂದು ಕೇಳಿಯೇ ತರಿಸಿ.

ಖಾರ ಸಾಲದಿದ್ದರೆ ‘ಸ್ಪೈಸಿ ಮಾಡಿಕೊಡಿ’ ಎನ್ನಬೇಡಿ. ಅಡುಗೆಯವರು ಶೆಜ್ವಾನ್ ಸಾಸ್‌ಗೆ ಕೈ ಹಾಕುತ್ತಾರೆ, ಅಲ್ಲಿಗೆ ಬ್ರೆಜಿಲ್ ಮುಗಿಯಿತು. ಬ್ರೆಜಿಲ್‌ನಲ್ಲಿ ಖಾರ ಅಡುಗೆಯೊಳಗಲ್ಲ, ಪಕ್ಕದ ಸೀಸೆಯಲ್ಲಿರುತ್ತದೆ: ಮಲಗೇಟಾ ಎಂಬ ಸಣ್ಣ ಮೆಣಸನ್ನು ಎಣ್ಣೆಯಲ್ಲೋ ವಿನೆಗರ್‌ನಲ್ಲೋ ಹಾಕಿಟ್ಟದ್ದು. ಅದನ್ನೇ ಕೇಳಿ, ಹನಿ ಹನಿಯಾಗಿ ಹಾಕಿಕೊಳ್ಳಿ.

6. ಸಿಹಿ

ಇದರಲ್ಲಿ ಹೇಳಲು ಹೆಚ್ಚಿಲ್ಲ. ಬ್ರಿಗದೇರು ಕಂಡೆನ್ಸ್ಡ್ ಮಿಲ್ಕ್, ಕೋಕೋ, ಬೆಣ್ಣೆ ಕಾಯಿಸಿ ಕಟ್ಟಿದ ಉಂಡೆ. ಒಬ್ಬರಿಗೆ ಒಂದು ಸಾಕು. ಫ್ರಿಜ್‌ನಿಂದ ನೇರ ಬಂದರೆ ಗಟ್ಟಿ ಇರುತ್ತದೆ, ಹತ್ತು ನಿಮಿಷ ಬಿಡಿ. ಪೇರಳೆಹಣ್ಣಿನ ಗಟ್ಟಿ ಹಲ್ವದ ಮೇಲೆ ಉಪ್ಪುಚೀಸ್ ಇಟ್ಟ ‘ರೋಮಿಯೋ ಜೂಲಿಯೆಟ್’ ಎಂಬ ತಟ್ಟೆ ಇದ್ದರೆ ನಮ್ಮ ಮತ ಅದಕ್ಕೆ. ಅಸಾಯಿ (ಅಮೆಜಾನ್ ಕಡೆಯ ಒಂದು ತಾಳೆಯ ನೇರಳೆ ಬಣ್ಣದ ಹಣ್ಣು) ಅರೆದ ತಣ್ಣನೆಯ ಬಟ್ಟಲು ಸಂಜೆಗೆ ಹೇಳಿದ್ದಲ್ಲ.

7. ಬಿಲ್

ಕಾರ್ಡ್ ಕೊಡುವ ಮೊದಲು ಸಾಲು ಸಾಲು ಓದಿ. ಊಟ ಮತ್ತು ಮಾಕ್‌ಟೇಲ್‌ಗೆ ಸಾಮಾನ್ಯ ರೆಸ್ಟೋರೆಂಟ್‌ನಲ್ಲಿ ಶೇ. 5 ಜಿಎಸ್‌ಟಿ. ಕೋಣೆಯ ದಿನದ ಬಾಡಿಗೆ 7,500 ರೂಪಾಯಿ ದಾಟುವ ದೊಡ್ಡ ಹೋಟೆಲಿನ ಒಳಗಾದರೆ ಶೇ. 18. ಮದ್ಯ ಜಿಎಸ್‌ಟಿಯ ಹೊರಗಿದೆ, ಅದರ ಮೇಲಿನದ್ದು ರಾಜ್ಯದ ತೆರಿಗೆ. ಹಾಗಾಗಿ ಎರಡೂ ಬೇರೆ ಸಾಲುಗಳಲ್ಲಿ ಇರಬೇಕು. ಊಟ 2,000, ಕಾಕ್‌ಟೇಲ್ 1,800 ಆಗಿದ್ದರೆ ಶೇ. 5ರ ಲೆಕ್ಕ 2,000ಕ್ಕೆ, ಅಂದರೆ 100 ರೂಪಾಯಿ. 3,800ಕ್ಕೆ 190 ಹಾಕಿದ್ದರೆ ತಿದ್ದಿಸಿ.

ಸರ್ವಿಸ್ ಚಾರ್ಜ್ ತೆರಿಗೆಯಲ್ಲ. ಅದನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಮಾರ್ಗಸೂಚಿ ಹೊರಡಿಸಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ‘ತೆಗೆದು ಬೇರೆ ಬಿಲ್ ಕೊಡಿ’ ಎಂದರೆ ಸಾಕು. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಒಳ್ಳೆಯ ಸೇವೆಗೆ ಟಿಪ್ಸ್ ಕೊಡುವುದಾದರೆ ನೇರ ವೇಟರ್ ಕೈಗೆ ಕೊಡಿ.

ಕುಳಿತ ಕೂಡಲೇ ಬಾಟಲಿ ನೀರಿನ ಮುಚ್ಚಳ ತೆಗೆಯುವ ಮೊದಲು ‘ಫಿಲ್ಟರ್ ನೀರು ಸಾಕು’ ಎಂದು ಹೇಳುವುದನ್ನು ಮರೆಯಬೇಡಿ. ರೆಸ್ಟೋರೆಂಟ್‌ಗಳು ಬಾಟಲಿಗೆ ಎಂಆರ್‌ಪಿಗಿಂತ ಹೆಚ್ಚು ಹಾಕಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ, ಆಮೇಲೆ ಜಗಳವಾಡಿ ಪ್ರಯೋಜನವಿಲ್ಲ.

8. ಮನೆಗೆ

ಮೋಟಾರು ವಾಹನ ಕಾಯ್ದೆಯ ಮಿತಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಆಲ್ಕೋಹಾಲ್. 70 ಕೆ.ಜಿ. ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಒಂದೇ ಒಂದು ಪೂರ್ತಿ ಅಳತೆಯ ಕೈಪಿರೀನ್ಯಾ ಬೇಗ ಕುಡಿದರೆ ಲೆಕ್ಕದ ಪ್ರಕಾರ ಅದು ಸುಮಾರು 40ಕ್ಕೆ ಹೋಗುತ್ತದೆ. ತೂಕ ಕಡಿಮೆ ಇದ್ದವರಿಗೆ, ಹೆಂಗಸರಿಗೆ ಇನ್ನೂ ಮೇಲೆ. ‘ಒಂದೇ ಅಲ್ಲವಾ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಮಂಗಳೂರು ನಗರದೊಳಗಾದರೆ ಕ್ಯಾಬ್ ಸಿಗುತ್ತದೆ, ತಡವಾದರೆ ಕಾಯಬೇಕಾದೀತು. ಬಿಲ್ ಕೇಳುವಾಗಲೇ ಬುಕ್ ಮಾಡಿ. ಉಡುಪಿ, ಮಣಿಪಾಲದಿಂದ ಬಂದವರಿಗೆ ಹೆದ್ದಾರಿ 66ರಲ್ಲಿ ಸುಮಾರು 60 ಕಿ.ಮೀ. ದಾರಿ, ರಾತ್ರಿಯಾದಂತೆ ಬಸ್ಸು ವಿರಳ. ಗುಂಪಿನಲ್ಲಿ ಒಬ್ಬರು ಮೊದಲಿನಿಂದಲೇ ಬೊಂಡ ನೀರಿನಲ್ಲಿರಲಿ, ಕಾರಿನ ಕೀ ಅವರ ಕೈಯಲ್ಲಿರಲಿ. ಅವರ ಪಾಲಿನ ಬಿಲ್ಲನ್ನು ಉಳಿದವರು ಹಂಚಿಕೊಳ್ಳಿ.